ಮಹಿಳಾ ಹಕ್ಕಿನ ದೇಶದ ವರದಿ: ಬರೆಯೋರು ಯಾರು, ಅದರಲ್ಲಿ ಹಿರಿಯೂರು ಎಲ್ಲಿದೆ?

ವಿಶ್ವಸಂಸ್ಥೆಗೆ ಹೋಗುವ ಮಹಿಳಾ ಪ್ರಗತಿ ವರದಿ ಸಿದ್ಧಪಡಿಸೋಕೆ ಹಲವು ದೇಶಗಳಲ್ಲಿ ಕನ್ಸಲ್ಟೆಂಟ್‌ಗಳನ್ನು ನೇಮಿಸಿಕೊಳ್ತಾರೆ. ಆ ಕೆಲಸ ಏನು? ಅದಕ್ಕೂ ಚಿತ್ರದುರ್ಗ ಜಿಲ್ಲೆಯ ಹೆಣ್ಣುಮಕ್ಕಳಿಗೂ ಏನು ಸಂಬಂಧ?

ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುವ ಅಭ್ಯಾಸ ನಿಮಗಿದ್ದರೆ 2024ರ ಸುಮಾರಿಗೆ ಒಂದು ಥರದ ಜಾಹೀರಾತು ಕಣ್ಣಿಗೆ ಬಿದ್ದಿರಬಹುದು. ಸಾರಾಂಶ ಇಷ್ಟೇ: ಮಹಿಳಾ ಹಕ್ಕುಗಳ ವಿಷಯದಲ್ಲಿ ದೇಶ ಎಷ್ಟು ಮುಂದೆ ಬಂದಿದೆ ಅಂತ ವರದಿ ಬರೆಯಲು ಸರ್ಕಾರಕ್ಕೆ ನೆರವಾಗುವ ಸಲಹೆಗಾರರು ಬೇಕಾಗಿದ್ದಾರೆ, ಅವಧಿ ಕೆಲವೇ ತಿಂಗಳು. ವಿಶ್ವಸಂಸ್ಥೆಯ ಮಹಿಳಾ ವಿಭಾಗ ‘ಯುಎನ್ ವಿಮೆನ್’ ಹಲವು ದೇಶಗಳಲ್ಲಿ ಇಂಥ ಹುದ್ದೆಗಳಿಗೆ ಅರ್ಜಿ ಕರೆದಿತ್ತು.

ಮೊದಲ ಸಲ ಓದಿದವರಿಗೆ ಆಶ್ಚರ್ಯ ಆಗೋದು ಸಹಜ. ಇಡೀ ದೇಶದ ಹೆಂಗಸರ ಸ್ಥಿತಿಗತಿಯನ್ನ ಒಬ್ಬರು ಲ್ಯಾಪ್‌ಟಾಪ್ ಮುಂದೆ ಕೂತು ಕೆಲವು ತಿಂಗಳಲ್ಲಿ ಬರೆದು ಮುಗಿಸೋದಾ? ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯೋಕೆ ಹೋಗುವ ಹೆಣ್ಣುಮಗಳು, ಹೊಸದುರ್ಗದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹುಡುಗಿ, ಹಿರಿಯೂರು ಕಡೆಯ ಗೊಲ್ಲರಹಟ್ಟಿಯ ಬಾಣಂತಿ, ಇವರೆಲ್ಲ ಆ ವರದಿಯೊಳಗೆ ಹೋಗೋದು ಹೇಗೆ? ಹೋಗ್ತಾರಾ?

ಉತ್ತರ ಸ್ವಲ್ಪ ಕಹಿ. ಕನ್ಸಲ್ಟೆಂಟ್ ಎಷ್ಟೇ ಜಾಣೆಯಾಗಿದ್ದರೂ ಆಕೆ ಕೆಲಸ ಶುರು ಮಾಡೋದು ಈಗಾಗಲೇ ಇರುವ ಕಾಗದಗಳಿಂದ. ತಾಲ್ಲೂಕಿನಲ್ಲಿ ಯಾರೂ ಬರೆದಿಡದ ಸಂಗತಿ ದೆಹಲಿಗೆ ಹೋಗೋದಿಲ್ಲ, ದೆಹಲಿಯಲ್ಲಿ ಇಲ್ಲದ್ದು ನ್ಯೂಯಾರ್ಕ್‌ಗೂ ಜಿನೀವಾಗೂ ಹೋಗೋದಿಲ್ಲ.

ವರದಿ ಯಾಕೆ ಕೊಡಬೇಕು?

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ‘ಸೀಡಾ’ ಒಪ್ಪಂದ. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ಹೋಗಬೇಕು ಅಂತ ವಿಶ್ವಸಂಸ್ಥೆಯ ಮಹಾಸಭೆ 1979ರ ಡಿಸೆಂಬರ್ 18ರಂದು ಅಂಗೀಕರಿಸಿದ್ದು. ಭಾರತ ಇದಕ್ಕೆ 1980ರಲ್ಲಿ ಸಹಿ ಹಾಕಿ, 1993ರ ಜುಲೈ 9ರಂದು ಅಧಿಕೃತವಾಗಿ ಒಪ್ಪಿಕೊಂಡಿತು. ಇದರ 18ನೇ ವಿಧಿ ಪ್ರಕಾರ ಒಪ್ಪಿಕೊಂಡ ದೇಶ ಒಂದು ವರ್ಷದೊಳಗೆ ಮೊದಲ ವರದಿ ಕೊಡಬೇಕು, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ. 23 ಪರಿಣತರ ಸಮಿತಿ ಆ ವರದಿ ಓದಿ, ಸರ್ಕಾರದ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತೆ. ಭಾರತದ ನಾಲ್ಕು ಮತ್ತು ಐದನೇ ವರದಿಗಳನ್ನು ಒಟ್ಟಿಗೆ ಸೇರಿಸಿ ಆ ಸಮಿತಿ ಪರಿಶೀಲಿಸಿದ್ದು 2014ರ ಜುಲೈನಲ್ಲಿ.

ಎರಡನೆಯದು ಬೀಜಿಂಗ್ ಘೋಷಣೆ. 1995ರ ಸೆಪ್ಟೆಂಬರ್‌ನಲ್ಲಿ ಚೀನಾದ ಬೀಜಿಂಗ್‌ನಲ್ಲಿ ನಡೆದ ನಾಲ್ಕನೇ ವಿಶ್ವ ಮಹಿಳಾ ಸಮ್ಮೇಳನದಲ್ಲಿ 189 ದೇಶಗಳು ಸೇರಿ ಹನ್ನೆರಡು ವಿಷಯಗಳ ಪಟ್ಟಿ ಮಾಡಿದವು. ಬಡತನ, ಶಿಕ್ಷಣ, ಆರೋಗ್ಯ, ಹಿಂಸೆ, ಅಧಿಕಾರ, ಹೆಣ್ಣುಮಗು, ಪರಿಸರ ಹೀಗೆ. ಐದು ವರ್ಷಕ್ಕೊಮ್ಮೆ ಪ್ರತಿ ದೇಶವೂ ಲೆಕ್ಕ ಒಪ್ಪಿಸಬೇಕು. 2025ಕ್ಕೆ ಮೂವತ್ತು ವರ್ಷ ತುಂಬಿತು. ಅದಕ್ಕೇ 2024ರಲ್ಲಿ ದೇಶದೇಶಗಳಲ್ಲಿ ವರದಿ ಬರೆಯುವ ಗಡಿಬಿಡಿ, ಅದಕ್ಕೇ ಆ ಜಾಹೀರಾತುಗಳು.

ಕನ್ಸಲ್ಟೆಂಟ್ ಮಾಡೋದೇನು?

ಕೆಲಸದ ಷರತ್ತುಪತ್ರ, ಅಂದ್ರೆ ಎಲ್ಲರೂ ‘ಟಿಓಆರ್’ ಅಂತ ಕರೆಯೋದು, ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇರುತ್ತೆ. ಮೊದಲು ಇರುವ ಕಾನೂನು, ಯೋಜನೆ, ಸಮೀಕ್ಷೆ, ಬಜೆಟ್ ಎಲ್ಲ ಓದಿ ಒಂದು ಆರಂಭಿಕ ಟಿಪ್ಪಣಿ ಕೊಡಬೇಕು. ಬೇರೆ ಬೇರೆ ಇಲಾಖೆಗಳಿಂದ ಮಾಹಿತಿ ತರಿಸಬೇಕು. ಸಂಘ ಸಂಸ್ಥೆಗಳ ಜೊತೆ ಸಭೆ ಮಾಡಬೇಕು. ಕರಡು ಬರೆದು ಎಲ್ಲರ ಮುಂದೆ ಇಟ್ಟು ‘ಸರಿ ಇದೆಯಾ?’ ಅಂತ ಕೇಳಬೇಕು. ತಿದ್ದಿ ಕೊನೆಯ ಪ್ರತಿ ಒಪ್ಪಿಸಬೇಕು. ಸಂಭಾವನೆ ಕಂತುಕಂತಾಗಿ, ಒಂದೊಂದು ಹಂತ ಮುಗಿದ ಮೇಲೆ.

ಅರ್ಹತೆಯ ಪಟ್ಟಿಯಲ್ಲಿ ಮಾಸ್ಟರ್ಸ್ ಡಿಗ್ರಿ, ಇಷ್ಟು ವರ್ಷದ ಅನುಭವ, ಇಂಗ್ಲಿಷ್ ಬರವಣಿಗೆ ಇದ್ದೇ ಇರುತ್ತೆ. ಹಳ್ಳಿಯ ಹೆಂಗಸರ ಜೊತೆ ಅವರ ಮಾತಿನಲ್ಲೇ ಮಾತಾಡೋಕೆ ಬರಬೇಕು ಅನ್ನೋದು ಅಷ್ಟು ಸುಲಭಕ್ಕೆ ಕಾಣಿಸಲ್ಲ.

ಇನ್ನೊಂದು ವಿಷಯ ನೆನಪಿರಲಿ. ವರದಿಯ ಒಡೆತನ ಸರ್ಕಾರದ್ದು. ಭಾರತದಲ್ಲಿ ಇದರ ಹೊಣೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಯಾವ ದೇಶದಲ್ಲೇ ಆಗಲಿ, ಬರೆಯಲು ಬಂದವರು ಕರಡು ಕೊಡಬಹುದು, ಕೊನೆಯ ಮಾತು ಅವರದ್ದಲ್ಲ. ಇರಿಸುಮುರಿಸಾಗುವ ಸಾಲು ಉಳಿಯಬೇಕಾದ್ರೆ ಅದರ ಹಿಂದೆ ಗಟ್ಟಿ ಅಂಕಿ ಇರಬೇಕು. ‘ಹೀಗಂತ ಕೇಳಿದ್ದೀವಿ’ ಅಂದ್ರೆ ಒಂದೇ ಏಟಿಗೆ ಹೊಡೆದುಹಾಕ್ತಾರೆ.

ಅದಕ್ಕಾಗಿಯೇ ಸಂಘಟನೆಗಳು ಪರ್ಯಾಯ ವರದಿ ಬರೆಯುವ ರೂಢಿ ಬೆಳೆದದ್ದು. ಸರ್ಕಾರದ ವರದಿ ಪಕ್ಕದಲ್ಲೇ ಸೀಡಾ ಸಮಿತಿ ಅದನ್ನೂ ಓದುತ್ತೆ. ಬೆಂಗಳೂರಿನ ರೂತ್ ಮನೋರಮಾ ಅವರು ಮುನ್ನಡೆಸಿದ ‘ನ್ಯಾಷನಲ್ ಅಲಯನ್ಸ್ ಆಫ್ ವಿಮೆನ್’ ಒಕ್ಕೂಟ ಈ ಕೆಲಸದಲ್ಲಿ ಪರಿಚಿತ ಹೆಸರು. ದಲಿತ ಮಹಿಳೆಯರ ಪರ ಹೋರಾಟಕ್ಕಾಗಿ ಅವರಿಗೆ 2006ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿಯೂ ಬಂತು.

1974ರಲ್ಲಿ ಏನಾಯ್ತು?

‘ವರದಿ ತಾನೇ, ಬರೆದು ಕಪಾಟಿಗೆ ಇಡ್ತಾರೆ’ ಅನ್ನೋರಿಗೆ ಒಂದು ಹಳೆಯ ಕಥೆ.

1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಅದಕ್ಕೆ ಮುಂಚೆ ದೇಶಗಳು ತಮ್ಮ ಮಹಿಳೆಯರ ಸ್ಥಿತಿಯ ಬಗ್ಗೆ ವರದಿ ಕೊಡಬೇಕು ಅಂತ ವಿಶ್ವಸಂಸ್ಥೆ ಕೇಳಿತು. ಭಾರತ ಸರ್ಕಾರ 1971ರಲ್ಲಿ ಒಂದು ಸಮಿತಿ ಮಾಡಿತು. ಅಧ್ಯಕ್ಷೆ ಫುಲ್‌ರೇಣು ಗುಹಾ. ನಡುವೆ ಸದಸ್ಯ ಕಾರ್ಯದರ್ಶಿಯಾಗಿ ಬಂದವರು ವೀಣಾ ಮಜುಂದಾರ್. ಸಂವಿಧಾನ ಬಂದು ಇಪ್ಪತ್ತು ವರ್ಷ ದಾಟಿದೆ, ಕಾನೂನಿನಲ್ಲಿ ಸಮಾನತೆ ಇದೆ, ಹಾಗಾಗಿ ಒಳ್ಳೆಯ ಸುದ್ದಿಯೇ ಬರುತ್ತೆ ಅಂತ ಬಹಳ ಜನ ಅಂದುಕೊಂಡಿದ್ದ ಕಾಲ ಅದು.

ಸಮಿತಿಯವರು ಅಂಕಿಅಂಶ ತೆಗೆದು ನೋಡಿದಾಗ ಬೇರೆಯೇ ಕಂಡಿತು. 1901ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು. 1971ಕ್ಕೆ ಅದು 930ಕ್ಕೆ ಇಳಿದಿತ್ತು. ದೇಶ ಬೆಳೀತಿದೆ, ಹೆಣ್ಣು ಕಮ್ಮಿಯಾಗ್ತಿದ್ದಾಳೆ. 1974ರ ಕೊನೆಗೆ ಒಪ್ಪಿಸಿದ ‘ಸಮಾನತೆಯ ಕಡೆಗೆ’ ಎಂಬ ಆ ವರದಿ ನಮ್ಮ ದೇಶದಲ್ಲಿ ಮಹಿಳಾ ಅಧ್ಯಯನ ಅನ್ನೋ ವಿಷಯ ಹುಟ್ಟೋಕೇ ದೊಡ್ಡ ಕಾರಣ ಆಯ್ತು. ವಿಶ್ವಸಂಸ್ಥೆಗೆ ಕಳಿಸಬೇಕಾದ ಒಂದು ಕಾಗದ ಅಂತ ಶುರುವಾಗಿದ್ದು, ಬರೆದವರು ಸರಿಯಾದ ಪ್ರಶ್ನೆ ಕೇಳಿದ್ದರಿಂದ ಎಲ್ಲರೂ ಬೆಚ್ಚಿಬೀಳೋ ಹಾಗಾಯ್ತು.

ನಿಮ್ಮ ಆಫೀಸಿನ ಐಸಿ ಎಲ್ಲಿಂದ ಬಂತು?

ಈ ಒಪ್ಪಂದಗಳಿಂದ ನಮಗೇನು ಅಂತೀರಾ? ನಿಮ್ಮ ಆಫೀಸಿನಲ್ಲಿ ‘ಪಾಶ್’ ತರಬೇತಿ ಆಗಿರುತ್ತೆ, ಆಂತರಿಕ ಸಮಿತಿಯ ಸದಸ್ಯರ ಹೆಸರು ಗೋಡೆ ಮೇಲೆ ಇರುತ್ತೆ. ಅದರ ಬೇರು ಹುಡುಕಿದರೆ ರಾಜಸ್ಥಾನದ ಒಂದು ಹಳ್ಳಿಗೆ ಹೋಗ್ತೀವಿ. ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದ ಭಂವರಿ ದೇವಿ 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೆ ಒಳಗಾದರು. ಅದರ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಆಗ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. 1997ರ ವಿಶಾಖಾ ತೀರ್ಪಿನಲ್ಲಿ ಕೋರ್ಟು, ಭಾರತ ಸೀಡಾ ಒಪ್ಪಿಕೊಂಡಿದೆಯಲ್ಲ ಅನ್ನೋದನ್ನೂ ಆಧಾರ ಮಾಡಿಕೊಂಡು ಮಾರ್ಗಸೂಚಿ ಕೊಟ್ಟಿತು. ಹದಿನಾರು ವರ್ಷದ ನಂತರ, 2013ರಲ್ಲಿ ಅದು ಕಾಯ್ದೆಯಾಯ್ತು.

ಆ ಕಾಯ್ದೆಯಲ್ಲಿ ನಾವು ಅಷ್ಟಾಗಿ ಗಮನಿಸದ ಭಾಗ ಒಂದಿದೆ. 21ನೇ ಸೆಕ್ಷನ್ ಪ್ರಕಾರ ಆಂತರಿಕ ಸಮಿತಿ ಪ್ರತಿ ವರ್ಷ ಒಂದು ವರದಿ ಬರೆದು ಮಾಲೀಕರಿಗೂ ಜಿಲ್ಲಾ ಅಧಿಕಾರಿಗೂ ಕೊಡಬೇಕು. ಜಿಲ್ಲಾ ಅಧಿಕಾರಿ ಅವುಗಳ ಸಾರಾಂಶ ರಾಜ್ಯ ಸರ್ಕಾರಕ್ಕೆ ಕಳಿಸಬೇಕು. ಹತ್ತಕ್ಕಿಂತ ಕಮ್ಮಿ ಜನ ಕೆಲಸ ಮಾಡುವ ಕಡೆಯವರು, ಮನೆಗೆಲಸದವರು ದೂರು ಕೊಡೋದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಹೊಳಲ್ಕೆರೆಯ ಅಡಿಕೆ ಮಂಡಿ, ಹಿರಿಯೂರಿನ ಬಟ್ಟೆ ಅಂಗಡಿ, ಚಿತ್ರದುರ್ಗದ ಚಿಕ್ಕ ಲ್ಯಾಬು, ಹೊಸದುರ್ಗದ ಫೈನಾನ್ಸ್ ಆಫೀಸು, ಇಂಥ ಸಣ್ಣ ಜಾಗಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇರುವ ಬಾಗಿಲು ಅದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಅಧಿಕಾರಿ ನೇಮಕ ಆಗಬೇಕು ಅಂತ ಮತ್ತೆ ಹೇಳಬೇಕಾಯ್ತು. ಕಾಯ್ದೆ ಬಂದು ಹನ್ನೊಂದು ವರ್ಷ ಆದ ಮೇಲೆ!

ಈಗ ಕನ್ಸಲ್ಟೆಂಟ್ ಜಾಗದಲ್ಲಿ ನಿಂತು ನೋಡಿ. ಒಂದು ಜಿಲ್ಲೆಯಿಂದ ‘ದೂರು ಸೊನ್ನೆ’ ಅಂತ ಬಂದಿದೆ ಅಂದುಕೊಳ್ಳಿ. ಅದನ್ನ ‘ಕಿರುಕುಳ ಇಲ್ಲ’ ಅಂತ ಓದೋದಾ, ‘ಸಮಿತಿ ಇರೋದೇ ಯಾರಿಗೂ ಗೊತ್ತಿಲ್ಲ’ ಅಂತ ಓದೋದಾ? ಕಾಗದ ನೋಡಿದರೆ ಎರಡಕ್ಕೂ ಒಂದೇ ಸೊನ್ನೆ.

20.6 ಇದ್ದದ್ದು 44.4 ಆದಾಗ

ಅಂಕಿ ಓದೋದು ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುತ್ತೆ. 2015-16ರ ನಾಲ್ಕನೇ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಮಾಣ ಶೇ 20.6 ಇತ್ತು. 2019-21ರ ಐದನೇ ಸಮೀಕ್ಷೆಯಲ್ಲಿ ಶೇ 44.4! ಅದೇ ಅವಧಿಯಲ್ಲಿ ದೇಶದ ಸರಾಸರಿ ಶೇ 31.2ರಿಂದ 29.3ಕ್ಕೆ ಇಳಿದಿತ್ತು.

‘ಲಾಕ್‌ಡೌನ್ ಸಮಯ ಅಲ್ವಾ, ಅದಕ್ಕೇ’ ಅಂತ ತಟ್ಟನೆ ಹೇಳಿಬಿಡಬಹುದು. ಆದರೆ ಕರ್ನಾಟಕ ಇದ್ದದ್ದು ಆ ಸಮೀಕ್ಷೆಯ ಮೊದಲ ಹಂತದಲ್ಲಿ. ಇಲ್ಲಿ ಮನೆಮನೆಗೆ ಹೋಗಿ ಕೇಳಿದ್ದು 2019ರಲ್ಲೇ, ಕೊರೊನಾ ಬರುವುದಕ್ಕೂ ಮುಂಚೆ. ದಿನಾಂಕ ನೋಡದೆ ಬರೆದರೆ ತಪ್ಪು ಕಾರಣ ದೇಶದ ವರದಿಯಲ್ಲಿ ಅಚ್ಚಾಗಿಬಿಡುತ್ತೆ.

ಹಾಗಾದರೆ ಹಿಂಸೆ ನಿಜವಾಗಲೂ ಹೆಚ್ಚಾಯ್ತಾ, ಹೇಳಿಕೊಳ್ಳುವ ಧೈರ್ಯ ಹೆಚ್ಚಾಯ್ತಾ, ಕೇಳುವ ರೀತಿ ಬದಲಾಯ್ತಾ? ಇದನ್ನ ತಿಳಿಯಬೇಕಾದ್ರೆ ಕೆಳಗಿನ ಹಂತಕ್ಕೆ ಇಳಿಯಬೇಕು. ಆದರೆ ಇಳಿಯೋಕೆ ಮೆಟ್ಟಿಲೇ ಇಲ್ಲ. ಈ ಸಮೀಕ್ಷೆ ನಾಲ್ಕನೇ ಸುತ್ತಿನಿಂದ ಜಿಲ್ಲಾವಾರು ಅಂಕಿ ಕೊಡುತ್ತೆ ನಿಜ, ಗಂಡನ ಹಿಂಸೆಯ ಅಂಕಿ ಮಾತ್ರ ರಾಜ್ಯದ ಮಟ್ಟಕ್ಕೇ ನಿಲ್ಲುತ್ತೆ. ಆ ಪ್ರಶ್ನೆ ಕೇಳುವುದು ಆಯ್ದ ಕೆಲವೇ ಮನೆಗಳಲ್ಲಿ. ಹಾಗಾಗಿ ಶೇ 44.4ರಲ್ಲಿ ಚಿತ್ರದುರ್ಗದ ಪಾಲೆಷ್ಟು ಅಂತ ಹೇಳೋಕೆ ಅದರಲ್ಲಿ ದಾರಿಯಿಲ್ಲ. ಹಿರಿಯೂರು, ಹೊಸದುರ್ಗದ ಮಾತು ಆಮೇಲೆ.

ಮದುವೆ ವಯಸ್ಸು, ರಿಜಿಸ್ಟರ್ ವಯಸ್ಸು

ಬಾಲ್ಯವಿವಾಹದ್ದು ಇನ್ನೊಂದು ಪಾಠ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ನಾಲ್ಕನೇ ಸಮೀಕ್ಷೆಯಲ್ಲಿ ಶೇ 21.4, ಐದನೆಯದರಲ್ಲಿ ಶೇ 21.3. ಇದ್ದ ಜಾಗದಿಂದ ಕದಲಲಿಲ್ಲ. ದೇಶದ ಸರಾಸರಿ 26.8ರಿಂದ 23.3ಕ್ಕೆ ಬಂತು.

ಹಾಗಂತ ಕರ್ನಾಟಕ ಕೈಕಟ್ಟಿ ಕೂತಿರಲಿಲ್ಲ. ನ್ಯಾಯಮೂರ್ತಿ ಶಿವರಾಜ್ ಪಾಟೀಲ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ರಾಜ್ಯ ಮಾಡಿದ ತಿದ್ದುಪಡಿಗೆ 2017ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತಾಯ್ತು. ಹಾಗಾದ್ರೆ ಕಾನೂನು ಕೆಲಸ ಮಾಡಲಿಲ್ಲ ಅಂತ ಬರೆಯೋದಾ? ಸ್ವಲ್ಪ ತಾಳಿ. 2019ರಲ್ಲಿ 20ರಿಂದ 24 ವರ್ಷ ಆಗಿದ್ದವರಿಗೆ 18 ತುಂಬಿದ್ದು ಸುಮಾರು 2013ರಿಂದ 2017ರ ನಡುವೆ. ಅಂದ್ರೆ ಈ ಅಂಕಿ ಹೇಳ್ತಿರೋದು ಹೆಚ್ಚುಕಡಿಮೆ ತಿದ್ದುಪಡಿಗೆ ಮುಂಚಿನ ಮದುವೆಗಳ ಕಥೆ. ಹೊಸ ಕಾನೂನಿಗೆ ಅದು ಪಾಸೂ ಅಲ್ಲ, ಫೇಲೂ ಅಲ್ಲ.

ಕೆಳಗಿನ ಮಟ್ಟದಲ್ಲಿ ಈ ಅಂಕಿಗಳು ಹೇಗೆ ಜಾರಿಹೋಗಬಹುದು ನೋಡಿ. 17 ವರ್ಷದ ಹುಡುಗಿ ಗರ್ಭಿಣಿ. ನಿಜವಾದ ವಯಸ್ಸು ಬರೆಸಿದರೆ ಪೊಲೀಸ್ ಕೇಸ್ ಆಗಬಹುದು ಅನ್ನೋ ಭಯ ಮನೆಯವರಿಗೆ. ‘ಹತ್ತೊಂಬತ್ತು ಅಂತ ಬರ್ಕೊಳ್ಳಮ್ಮ’ ಅಂತ ಆಶಾ ಕಾರ್ಯಕರ್ತೆಗೆ ಹೇಳಿದರೆ, ಅದೇ ಊರಿನ ಸೊಸೆಯಾದ ಆಕೆ ಏನು ಮಾಡ್ತಾಳೆ? ತಾಯಿ ಕಾರ್ಡ್‌ನಲ್ಲಿ 19 ಅಂತ ಬಿದ್ದರೆ ಜಿಲ್ಲೆಯ ಲೆಕ್ಕದಲ್ಲಿ ಆಕೆ ವಯಸ್ಕಳು. ಬೇಗ ಬಸುರಾದವಳಿಗೆ ಬೇಕಾದ ಹೆಚ್ಚಿನ ಆರೈಕೆ ತಪ್ಪುತ್ತೆ, ರಾಜ್ಯದ ಅಂಕಿಯೂ ಚಂದ ಕಾಣುತ್ತೆ.

ಸೀಡಾ ಒಪ್ಪಿಕೊಳ್ಳುವಾಗ ಭಾರತ ಒಂದು ಮಾತು ಸೇರಿಸಿತ್ತು: ಮದುವೆಯ ಕಡ್ಡಾಯ ನೋಂದಣಿ ತಾತ್ವಿಕವಾಗಿ ಒಪ್ಪಿಗೆ, ಆದರೆ ಇಷ್ಟು ದೊಡ್ಡ ದೇಶದಲ್ಲಿ ಅದು ಕಾರ್ಯಸಾಧ್ಯ ಅಲ್ಲ ಅಂತ. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಗಳೂ ನೋಂದಣಿ ಆಗಬೇಕು ಅಂದಿತು. ಆದರೂ ವೀಸಾಕ್ಕೋ ಬ್ಯಾಂಕಿಗೋ ಬೇಕಾದಾಗ ತಾನೇ ನಮಗೆಲ್ಲ ಮದುವೆ ಸರ್ಟಿಫಿಕೇಟ್ ನೆನಪಾಗೋದು?

ಹಟ್ಟಿಯ ಹೊರಗಿನ ಕೋಣೆ

ಚಿತ್ರದುರ್ಗ ಜಿಲ್ಲೆಗೆ ಹೆಸರಿನಲ್ಲಿ ಹೆಣ್ಣಿನ ಕೊರತೆ ಇಲ್ಲ. ಕೋಟೆ ಅಂದ್ರೆ ಒನಕೆ ಓಬವ್ವ. ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತೆ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಗೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಪ್ರಗತಿ ವರದಿಯ ಮುಖಪುಟಕ್ಕೆ ಇವೆಲ್ಲ ಚೆನ್ನಾಗಿ ಒಪ್ಪುತ್ತವೆ.

ಅದೇ ಸೀಮೆಯಲ್ಲಿ ಕಾಡುಗೊಲ್ಲರ ಹಟ್ಟಿಗಳೂ ಇವೆ. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕು ಅನ್ನೋ ಪದ್ಧತಿ ಅಲ್ಲಿ ತಲೆತಲಾಂತರದಿಂದ ಬಂದದ್ದು. ಎಲ್ಲ ಹಟ್ಟಿಗಳೂ ಒಂದೇ ಥರ ಇಲ್ಲ, ಓದಿದ ಹೆಣ್ಣುಮಕ್ಕಳು ಪ್ರಶ್ನೆ ಮಾಡ್ತಿದ್ದಾರೆ ಅನ್ನೋದೂ ನಿಜ. ಕೆಲವು ಕಡೆ ಸರ್ಕಾರದ ದುಡ್ಡಲ್ಲಿ ‘ಕೃಷ್ಣ ಕುಟೀರ’ ಅನ್ನೋ ಕಟ್ಟಡಗಳು ಎದ್ದವು. ಗುಡಿಸಲಿನಲ್ಲಿ ಮಳೆಗಾಳಿಗೆ ನೆನೆಯೋ ಬದಲು ಗಟ್ಟಿ ಸೂರಿನ ಕೆಳಗೆ ಇರಲಿ ಅನ್ನೋದು ಒಂದು ವಾದ. ಸರ್ಕಾರವೇ ಕಟ್ಟಿಸಿಕೊಟ್ಟರೆ ಆ ಪದ್ಧತಿಗೆ ಸಿಮೆಂಟು ಹಾಕಿದ ಹಾಗೆ ಅನ್ನೋದು ಇನ್ನೊಂದು.

ಕಾನೂನು ಎರಡನೇ ಕಡೆ ವಾಲಿದೆ. 2017ರ ಕರ್ನಾಟಕ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿ ಮಹಿಳೆಯನ್ನು ಬಲವಂತವಾಗಿ ಊರ ಹೊರಗೆ ಇರಿಸೋದು ಅದರ ನಿಷೇಧದ ಪಟ್ಟಿಯಲ್ಲಿದೆ.

ಈಗ ದೇಶದ ವರದಿಗೆ ಬನ್ನಿ. ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 24 ವರ್ಷದವರನ್ನ ಮುಟ್ಟಿನ ಸಮಯದಲ್ಲಿ ಏನು ಬಳಸ್ತೀರಿ ಅಂತ ಕೇಳುತ್ತೆ. ಹಟ್ಟಿಯ ಹುಡುಗಿ ಪ್ಯಾಡ್ ಅಂತಾಳೆ. ಆಕೆ ‘ಶುಚಿಯಾದ ವಿಧಾನ ಬಳಸುವವರು’ ಅನ್ನೋ ಸಾಲಿಗೆ ಸೇರ್ತಾಳೆ, ಅಂಕಿ ಮೇಲಕ್ಕೆ ಹೋಗುತ್ತೆ. ಆ ಮೂರು ರಾತ್ರಿ ಎಲ್ಲಿ ಮಲಗಿದ್ದಳು ಅನ್ನೋದು ಆ ಅಂಕಿಯಲ್ಲಿ ಕಾಣಲ್ಲ. ಪ್ಯಾಡ್ ಸಿಕ್ಕಿರೋದೂ ಪ್ರಗತಿಯೇ, ಆದರೆ ಪೂರ್ತಿ ಚಿತ್ರ ಅದಲ್ಲ.

ಇಲ್ಲೊಂದು ತೊಡಕೂ ಇದೆ. ಹೆಣ್ಣು ಕೀಳು ಅನ್ನೋ ರೂಢಿಗಳನ್ನ ಬದಲಿಸಬೇಕು ಅನ್ನುತ್ತೆ ಸೀಡಾದ ಐದನೇ ವಿಧಿ. ಅದಕ್ಕೆ ಭಾರತ ಸೇರಿಸಿದ ಘೋಷಣೆ ಪ್ರಕಾರ ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ, ಆ ಸಮುದಾಯವೇ ಮುಂದೆ ಬಂದು ಒಪ್ಪದೆ, ಸರ್ಕಾರ ಕೈಹಾಕೋದಿಲ್ಲ. ಕರ್ನಾಟಕದ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿದೆ. ಜಾಣ ಕನ್ಸಲ್ಟೆಂಟ್ ಆದ್ರೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳ್ತಾಳೆ: ಸಮುದಾಯದ ಒಪ್ಪಿಗೆ ಅಂದ್ರೆ ಯಾರ ಒಪ್ಪಿಗೆ? ಹಟ್ಟಿಯ ಹಿರಿಯರದ್ದಾ, ಹೊರಗೆ ಮಲಗುವವಳದ್ದಾ?

ಹತ್ತು ನಿಮಿಷದ ಲೆಕ್ಕ

ಸ್ವಲ್ಪ ಹಗುರಾದ, ಆದರೆ ಅಷ್ಟೇ ಮುಖ್ಯವಾದ ಲೆಕ್ಕ ಇನ್ನೊಂದಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡ್ತಿದ್ದರು. 2024ರಲ್ಲಿ ಹೆಂಗಸರದ್ದು 289ಕ್ಕೆ ಇಳಿಯಿತು. ಪ್ರಗತಿ ಅಂತ ಚಪ್ಪಾಳೆ ತಟ್ಟುವ ಮೊದಲು ಪಕ್ಕದ ಕಾಲಂ ನೋಡಿ: ಗಂಡಸರದ್ದು 88. ಅಮ್ಮನಿಗೆ ಹತ್ತು ನಿಮಿಷ ಉಳಿಯಿತು, ಅದನ್ನ ಅಪ್ಪ ಎತ್ತಿಕೊಂಡಿಲ್ಲ.

ಹೆಂಗಸರ ಸಮಯವನ್ನ ಹೀಗೆ ನಿಮಿಷದಲ್ಲಿ ಅಳೆಯಬೇಕು ಅಂತ ನಮ್ಮ ದೇಶದಲ್ಲಿ ಮೊದಮೊದಲು ಹಟ ಹಿಡಿದವರಲ್ಲಿ ಒಬ್ಬರು ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅವರು ನಡೆಸಿದ ಅಧ್ಯಯನ, ‘ಕೆಲಸ ಮಾಡಲ್ಲ’ ಅಂತ ಲೆಕ್ಕದಲ್ಲಿ ಬಿಟ್ಟುಹೋದ ಹೆಂಗಸರು ದಿನವಿಡೀ ಏನೇನು ಮಾಡ್ತಾರೆ ಅಂತ ತೋರಿಸಿತು. ಪ್ರಶ್ನೆ ಕೇಳೋ ರೀತಿ ಬದಲಾದಾಗ ಉತ್ತರವೂ ಬದಲಾಯ್ತು.

ತಾಲ್ಲೂಕಿಗೆ ಇಳಿಯೋಕೆ ಆಗಲ್ವಾ?

ಆಗುತ್ತೆ. ಕರ್ನಾಟಕವೇ ಮಾಡಿ ತೋರಿಸಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿದ್ದ 175 ತಾಲ್ಲೂಕುಗಳನ್ನ ಒಂದೊಂದಾಗಿ ಅಳೆದು 114 ಹಿಂದುಳಿದಿವೆ ಅಂತ ಹೇಳಿತು. 2014ರಲ್ಲಿ ಆಗಿನ ಎಲ್ಲ 30 ಜಿಲ್ಲೆಗಳಿಗೂ ಮಾನವ ಅಭಿವೃದ್ಧಿ ವರದಿ ಬಂತು. ಚಿತ್ರದುರ್ಗದ್ದೂ ಅದರಲ್ಲಿದೆ. ಅವುಗಳಲ್ಲಿ ಲಿಂಗ ಅಸಮಾನತೆಯ ಸೂಚ್ಯಂಕವನ್ನ ತಾಲ್ಲೂಕಿನ ಮಟ್ಟಕ್ಕೆ ಲೆಕ್ಕ ಹಾಕಿದ್ದರು. ಮನಸ್ಸು ಮಾಡಿದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರನ್ನ ಬೇರೆ ಬೇರೆಯಾಗಿ ನೋಡೋಕೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅಧಿಕಾರದ ವಿಷಯದಲ್ಲೂ ನಾವು ಮೊದಲೇ ದಾರಿ ಹಾಕಿದವರು. 1983ರ ಜಿಲ್ಲಾ ಪರಿಷತ್ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗಲೇ ಕರ್ನಾಟಕದಲ್ಲಿ ಮಹಿಳೆಯರಿಗೆ ಶೇ 25 ಮೀಸಲು ಇತ್ತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಬಂದದ್ದು ಆಮೇಲೆ, 73ನೇ ತಿದ್ದುಪಡಿಯಿಂದ. 2010ರಲ್ಲಿ ರಾಜ್ಯ ಅದನ್ನ ಶೇ 50 ಮಾಡಿತು. ವರದಿಯಲ್ಲಿ ಈ ಶೇ 50 ಸುಲಭಕ್ಕೆ ಬರುತ್ತೆ. ಪಂಚಾಯ್ತಿ ಸಭೆಯಲ್ಲಿ ಕುರ್ಚಿ ಮೇಲೆ ಅಧ್ಯಕ್ಷೆ ಕೂತಿದ್ದಾರಾ, ಅವರ ಯಜಮಾನರು ಕೂತಿದ್ದಾರಾ ಅನ್ನೋದು ಬರಲ್ಲ.

ಷರತ್ತುಪತ್ರದಲ್ಲಿ ಏನಿರಬೇಕು?

ಕನ್ಸಲ್ಟೆಂಟ್ ನೇಮಿಸಿಕೊಳ್ಳುವ ಪದ್ಧತಿಯೇ ತಪ್ಪು ಅಂತ ಅಲ್ಲ. ಇಲಾಖೆಯವರಿಗೆ ದಿನದ ಕೆಲಸವೇ ತಲೆಮೇಲಿರುತ್ತೆ, ಹೊರಗಿನವರಿಗೆ ಬಿಡುವು, ಪರಿಣತಿ, ಸ್ವಲ್ಪ ದೂರ ನಿಂತು ನೋಡುವ ಕಣ್ಣು ಇರುತ್ತೆ. ನೇಮಿಸೋರು ಏನು ಕೇಳ್ತಾರೆ ಅನ್ನೋದೇ ಮುಖ್ಯ. ದೇಶದ್ದಾಗಲಿ ರಾಜ್ಯದ್ದಾಗಲಿ, ಇಂಥ ಷರತ್ತುಪತ್ರದಲ್ಲಿ ನಾಲ್ಕು ಸಾಲು ಸೇರಿಸಿದರೆ ವರದಿಯ ಬಣ್ಣವೇ ಬದಲಾಗುತ್ತೆ.

ಒಂದು, ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದೆರಡು ತಾಲ್ಲೂಕಿನಲ್ಲಿ ಉಳಿದು ಕೆಲಸ ಮಾಡಬೇಕು. ರಾಜಧಾನಿಯ ಹೋಟೆಲಿನ ಸಭೆ ಅದಕ್ಕೆ ಸಾಟಿಯಲ್ಲ.

ಎರಡು, ಸ್ಥಳೀಯ ಭಾಷೆ ಬರಬೇಕು, ಇಲ್ಲಾಂದ್ರೆ ಅನುವಾದಕರಿಗೆ ಬೇರೆ ಹಣ ಇಡಬೇಕು. ‘ಅವರು ಸ್ವಲ್ಪ ಬೈತಾರೆ, ಅಷ್ಟೇ’ ಅನ್ನೋ ಮಾತಿನ ಹಿಂದೆ ಏನಿದೆ ಅಂತ ನಮ್ಮ ಭಾಷೆಯವರಿಗೆ ಬೇಗ ತಿಳಿಯುತ್ತೆ.

ಮೂರು, ಕರಡನ್ನ ಕನ್ನಡದಲ್ಲಿ ಕೆಲವೇ ಪುಟದಲ್ಲಿ ಮಾಡಿ, ಮಾಹಿತಿ ಕೊಟ್ಟ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಮುಂದೆ, ಸ್ತ್ರೀಶಕ್ತಿ ಸಂಘಗಳ ಮುಂದೆ ಓದಬೇಕು. ‘ಇದು ನಮ್ಮೂರಿನ ಕಥೆ ಅಲ್ಲ’ ಅಂತ ಅವರು ಹೇಳೋಕೆ ಅವಕಾಶ ಇರಬೇಕು.

ನಾಲ್ಕು, ಅಂಕಿ ಎಲ್ಲಿ ಸಿಗಲಿಲ್ಲ ಅನ್ನೋದಕ್ಕೇ ಒಂದು ಅಧ್ಯಾಯ ಬೇಕು. ಜೊತೆಗೆ, ನೋವು ಹೇಳಿಕೊಂಡವರ ಗುರುತು ಎಲ್ಲೂ ಬಿಟ್ಟುಕೊಡಬಾರದು. ಸಣ್ಣ ಊರಿನಲ್ಲಿ ಹೆಸರು ಬರೆಯದಿದ್ದರೂ ‘ಹಟ್ಟಿಯ ಟೀಚರ್’ ಅಂದ್ರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ನೀವು ಕನ್ಸಲ್ಟೆಂಟ್ ಆಗದಿದ್ದರೂ

ಈ ಕೆಲಸಕ್ಕೆ ಇಳಿಯುವ ಆಸೆ ಇರುವವರಿಗೆ ಒಂದು ಮಾತು. ಕಾನೂನು, ಅಂಕಿಅಂಶ, ಸಮಾಜಕಾರ್ಯ, ಪತ್ರಿಕೋದ್ಯಮ, ಯಾವುದರಿಂದ ಬಂದರೂ ದಾರಿ ಇದೆ. ಮೊದಲ ಹೆಜ್ಜೆ ದೊಡ್ಡ ಸಂಸ್ಥೆಯ ಜಾಹೀರಾತೇ ಆಗಬೇಕಿಲ್ಲ. ನಿಮ್ಮ ಜಿಲ್ಲೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪುಟ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ. ಅದನ್ನ ತೆರೆದು, ಎರಡು ಸುತ್ತಿನ ಅಂಕಿ ಹೋಲಿಸಿ, ಎರಡು ಪುಟ ಕನ್ನಡದಲ್ಲಿ ಬರೆದು ನೋಡಿ. ಕೆಲಸದ ಅರ್ಧ ಪಾಠ ಅಲ್ಲೇ ಸಿಗುತ್ತೆ.

ಉಳಿದವರೂ ಮಾಡಬಹುದಾದ್ದಿದೆ. ನಿಮ್ಮ ಆಫೀಸಿನ ಆಂತರಿಕ ಸಮಿತಿ ಈ ವರ್ಷದ ವರದಿಯನ್ನ ಜಿಲ್ಲಾ ಅಧಿಕಾರಿಗೆ ಕಳಿಸಿದೆಯಾ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಊರಿನಲ್ಲಿರುವ ಅಮ್ಮನಿಗೋ ಅತ್ತಿಗೆಗೋ ಫೋನ್ ಮಾಡಿದಾಗ ಮಹಿಳಾ ಗ್ರಾಮಸಭೆ ಯಾವಾಗ ನಡೆಯಿತು ಅಂತ ಕೇಳಿ. ನಡೆದಿದ್ದರೆ ನಡಾವಳಿ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ನೋಡೋಕೆ ಹೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಬಾಲ್ಯವಿವಾಹದ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ, ಮನೆಯೊಳಗಿನ ಹಿಂಸೆಯ ವಿಷಯಕ್ಕೆ 181ಕ್ಕೆ ಕರೆ ಮಾಡಿ. ಒಂದು ಜೀವಕ್ಕೆ ಅದರಿಂದ ನೆರವು ಸಿಗಬಹುದು. ಸರಿಯಾಗಿ ದಾಖಲಾದರೆ ಅದು ಲೆಕ್ಕಕ್ಕೂ ಬರುತ್ತೆ.

ಮುಂದಿನ ಬೀಜಿಂಗ್ ಲೆಕ್ಕ ಐದು ವರ್ಷದ ಸುತ್ತಿನಲ್ಲಿ ಮತ್ತೆ ಬಂದೇ ಬರುತ್ತೆ. ಆಗಲೂ ಯಾರೋ ಒಬ್ಬರು ಲ್ಯಾಪ್‌ಟಾಪ್ ತೆರೆದು ಕಾಗದ ಹುಡುಕ್ತಾರೆ. ಹೊಳಲ್ಕೆರೆಯ, ಹೊಸದುರ್ಗದ, ಹಿರಿಯೂರಿನ ಹೆಣ್ಣುಮಕ್ಕಳ ಬಗ್ಗೆ ಅವರಿಗೆ ಸಿಗುವ ಕಾಗದಗಳು ಈ ವರ್ಷ, ಈ ತಿಂಗಳು ಬರೆಯುತ್ತಿರುವವು. ಅದರಲ್ಲಿ ವಯಸ್ಸು 17 ಇದ್ದರೆ 17 ಅಂತಲೇ ಇರಲಿ.